ಮೂರನೆಯ ಎಲೆಯ ಅನ್ನ ಉಂಡವರು

ದಿವಾಳಿಯಾದವರ ಆಸ್ತಿಯನ್ನೂ ಆದಾಯವನ್ನೂ ನೋಡಿಕೊಳ್ಳುವ ರಿಸೀವರ್ ಸಾಹೇಬರಿಗೆ

ಮಾನ್ಯರೇ,

ಸತ್ತುಹೋದ ಗಂಡನಿಗೆ ನಾನು ಹನ್ನೊಂದು ತಿಂಗಳು ಊಟ ಹಾಕಿದ್ದೇನೆಂದು ನಿಮ್ಮ ಕಚೇರಿಯಿಂದ ನೋಟೀಸು ಬಂದಿದೆ. ಹಾಕಿದ್ದು ನಿಜ. ಅದನ್ನು ನಾನು ಯಾವತ್ತೂ ಮುಚ್ಚಿಟ್ಟವಳಲ್ಲ. ಆದರೆ ನೀವು ಅಷ್ಟಕ್ಕೇ ನಿಲ್ಲಿಸಿಲ್ಲ. ‘ಮೃತ ವ್ಯಕ್ತಿಯ ಹೆಸರಿನಲ್ಲಿ ಜೀವನ ವೆಚ್ಚವನ್ನು ಪಡೆದು ಸುಳ್ಳು ಲೆಕ್ಕ ಸಲ್ಲಿಸಿರುತ್ತೀರಿ’ ಎಂದು ಬರೆದಿದ್ದೀರಿ. ತಿಂಗಳಿಗೆ ನೂರ ಹತ್ತರಂತೆ ಸಾವಿರದ ಇನ್ನೂರ ಹತ್ತು ರೂಪಾಯಿಯನ್ನು ಹದಿನೈದು ದಿನದೊಳಗೆ ಕಟ್ಟಬೇಕು. ಬರುವ ಮಾರ್ಚ್ ಹದಿನೇಳರಂದು ದಿವಾಳಿತನದಿಂದ ನನ್ನ ಬಿಡುಗಡೆಯ ಅರ್ಜಿ ವಿಚಾರಣೆಗೆ ಬಂದಾಗ ನೀವು ಅದನ್ನು ವಿರೋಧಿಸುತ್ತೀರಿ ಎಂದೂ ತಿಳಿಸಿದ್ದೀರಿ. ನಾನು ಎರಡು ಸಲ ಬರೆದು ಉತ್ತರ ಕೊಟ್ಟೆ. ಕಿಟಕಿಯಲ್ಲಿ ತೆಗೆದುಕೊಂಡರು, ಸ್ವೀಕೃತಿ ಕೊಡಲಿಲ್ಲ. ಹಾಗಾಗಿ ಈ ವಾರಪತ್ರಿಕೆಯ ಸಂಪಾದಕರನ್ನು ಬೇಡಿಕೊಂಡು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಇದೂ ಕಳೆದುಹೋಯಿತೆಂದು ನಿಮ್ಮ ಕಚೇರಿ ಹೇಳಲಾರದು. ಕಡಲೆಕಾಯಿ ಕಟ್ಟಿಸಿಕೊಂಡಾದರೂ ಒಂದು ಪ್ರತಿ ನಿಮ್ಮ ಮೇಜಿಗೆ ಬಂದೇ ಬರುತ್ತದೆ.

ನಾನು ಓದಿದ್ದು ಎಂಟನೆಯ ತರಗತಿ. ಇರುವುದು ಆಂಡರ್ಸನ್‌ಪೇಟೆಯ ಬಾಡಿಗೆ ಮನೆಯಲ್ಲಿ, ನಮ್ಮತ್ತೆ ಅಕ್ಕಯ್ಯಮ್ಮನವರ ಜೊತೆ. ಮದುವೆಯಾದಾಗಿನಿಂದ ದಿನಕ್ಕೆ ಎರಡು ಸಾಲು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಏನು ಅಡುಗೆ, ಯಾರು ಬಂದರು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಅಷ್ಟೇ. ಯಾರಿಗೂ ತೋರಿಸಲು ಬರೆದದ್ದಲ್ಲ. ಈ ಪತ್ರದ ತಾರೀಖುಗಳೆಲ್ಲ ಅಲ್ಲಿಂದ ತೆಗೆದವು. ನಿಮ್ಮ ಕಡತ ಒಂದು ಹೇಳಿ ನನ್ನ ಪುಸ್ತಕ ಇನ್ನೊಂದು ಹೇಳಿದರೆ, ದಯವಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ.

ನಮ್ಮ ಯಜಮಾನರು ಇಪ್ಪತ್ತೆರಡು ವರ್ಷ ಇಲ್ಲಿನ ಚಿನ್ನದ ಗಣಿಯೊಳಗೆ ಇಳಿದವರು. ಎದೆಯಲ್ಲಿ ಧೂಳು ಕೂತು ಕೆಲಸ ಬಿಟ್ಟ ಮೇಲೆ, ಕೈಗೆ ಬಂದ ಹಣದಲ್ಲಿ ಕೋರಮಂಡಲ್‌ನಲ್ಲಿ ಒಂದು ಮೆಸ್ ಇಟ್ಟೆವು. ಲೈಸೆನ್ಸು ನನ್ನ ಹೆಸರಿನಲ್ಲಿ. ಗುತ್ತಿಗೆ ಕೂಲಿಯವರು ನಲವತ್ತು ಜನ, ಎರಡು ಹೊತ್ತು ಊಟ. ಅಡುಗೆ ನನ್ನದು, ಗಲ್ಲಾ ಅವರದು. ಉಸಿರು ಸಾಲದ ಮನುಷ್ಯ ಎದ್ದು ಓಡಾಡಿ ತಲೆ ಎಣಿಸಲಾರರು, ಅದಕ್ಕೆ ಎಲೆ ಎಣಿಸುತ್ತಿದ್ದರು. ಕಟ್ಟು ಬಿಚ್ಚುವಾಗ ಮುತ್ತುಗದ ಎಲೆ ನೂರಿದ್ದರೆ, ಊಟ ಮುಗಿದ ಮೇಲೆ ಎಷ್ಟು ಉಳಿದಿದೆ ಎಂದು ನೋಡಿ ಕಳೆದರಾಯಿತು. ಯಾರು ಪೂರ್ತಿ ಉಂಡರು, ಯಾರು ಜ್ವರವೆಂದು ಅರ್ಧಕ್ಕೆ ಎದ್ದರು, ಅದೆಲ್ಲ ಬೇಡ. ಎಲೆ ಹಾಕಿದ ಮೇಲೆ ಅದು ಒಂದು ಊಟ. ಅಡುಗೆಮನೆಯ ಕಡೆ ತಿರುಗಿ ‘ಎಷ್ಟೆಲೆ?’ ಎಂದು ಕೇಳುವರು, ನಾನು ಹೇಳುವೆನು, ಇಬ್ಬರ ಲೆಕ್ಕ ಕೂಡಿದರೆ ಬರೆದುಕೊಳ್ಳುವರು. ಹತ್ತು ವರ್ಷ ನಮ್ಮಲ್ಲಿ ಊಟದ ಲೆಕ್ಕವೆಂದರೆ ಇದೊಂದೇ. ಪೆರುಮಾಳ್ ಎಂಬೊಬ್ಬ ಕೂಲಿಯವನು ದಿನವೂ ಸಾರಿನ ಬಟ್ಟಲು ಎತ್ತಿ ಹಿಡಿದು ಹೇಳುತ್ತಿದ್ದ: “ಅಕ್ಕಾ, ಬೇತಮಂಗಲ ಕೆರೆ ಒಡ್ದು ಇಲ್ಗೇ ಬಂದೈತೆ. ಬೇಳೆ ಏನಾದ್ರೂ ಈಜಾಡ್ತಿದ್ರೆ ಇಡ್ದು ಕೊಡಿ.” ಗಲ್ಲಾದಿಂದ ನಮ್ಮವರು, “ನೀನು ಕೊಡೋ ಕಾಸಿಗೆ ಈಜೋ ಬೇಳೆನೇ ಕಣ್ಲಾ ಬರೋದು, ಮುಳುಗೋ ಬೇಳೆಗೆ ರೇಟು ಬೇರೆ,” ಎನ್ನುವರು. ಆಮೇಲೆ ಕೆಮ್ಮುವರು. ನಲವತ್ತು ಜನವೂ ಕೈ ನಿಲ್ಲಿಸಿ ಆ ಕೆಮ್ಮು ಮುಗಿಯಲೆಂದು ಕಾಯುವರು.

ಎಂಬತ್ತನಾಲ್ಕರಲ್ಲಿ ಗುತ್ತಿಗೆದಾರನ ಕೆಲಸ ನಿಂತುಹೋಯಿತು. ಒಂದೇ ವಾರದಲ್ಲಿ ನಲವತ್ತು ಜನವೂ ಹೊರಟುಹೋದರು. ನಾಲ್ಕು ತಿಂಗಳ ಊಟದ ಬಾಕಿಯೂ ಅವರ ಜೊತೆ ಹೋಯಿತು. ಅವರನ್ನು ನಾನು ಬಯ್ಯುವುದಿಲ್ಲ. ಅವರಿಗೂ ಯಾರೋ ಕೊಟ್ಟಿರಲಿಲ್ಲ. ಅಕ್ಕಿ ಮಂಡಿಗೆ, ಸೌದೆ ಡಿಪೋಗೆ, ಎಣ್ಣೆಯವರಿಗೆ ಸೇರಿ ನಮ್ಮ ತಲೆಯ ಮೇಲೆ ಉಳಿದದ್ದು ಹದಿನೆಂಟು ಸಾವಿರದ ಆರುನೂರು. ಬಂಗಾರಪೇಟೆಯ ವಕೀಲರು ರಾಮಚಂದ್ರಪ್ಪನವರು ದಾರಿ ಹೇಳಿಕೊಟ್ಟರು. ನಮ್ಮ ಕಡೆ ಅದಕ್ಕೆ ಐ.ಪಿ. ಹಾಕುವುದು ಎನ್ನುತ್ತಾರೆ. ಇರುವುದೆಲ್ಲವನ್ನೂ ನ್ಯಾಯಾಲಯದ ಕೈಗೆ ಕೊಟ್ಟು, ನನ್ನಿಂದ ಇಷ್ಟೇ ಆಗುವುದು ಎಂದು ಒಪ್ಪಿಕೊಳ್ಳುವುದು. ಮೆಸ್ಸಿನ ಹಂಡೆ ಕೊಳಗ ಬೆಂಚುಗಳೆಲ್ಲ ಹರಾಜಾದವು. ನಲ್ಲಿಯ ಹತ್ತಿರ ನನಗೆ ಹೊಸ ಹೆಸರು ಬಂತು. ಎದುರುಮನೆಯ ಮಂಗಮ್ಮ ಬಿಂದಿಗೆ ಇಡುತ್ತಾ, “ಐಪಿ ಅಕ್ಕ ಬಂದ್ರು, ಜಾಗ ಬುಡ್ರಮ್ಮ. ಇವರ್ಗೇನು, ಸಾಲ ಇಸ್ಕೊಂಡೋರು ಇವ್ರು, ಊಟ ಆಕೋರು ಗೌರ್ಮೆಂಟು,” ಎಂದಳು. ನಗೆ ಎದ್ದಿತು. ನಾನೂ ನಕ್ಕೆ. ಆಗಿನ್ನೂ ಗೌರ್ಮೆಂಟು ಹೇಗೆ ಊಟ ಹಾಕುತ್ತದೆಂದು ನನಗೆ ಗೊತ್ತಿರಲಿಲ್ಲ.

ಈಗ ಗೊತ್ತು. ಬಂಗಾರಪೇಟೆಯ ಅಕ್ಕಿ ಗಿರಣಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಅಕ್ಕಿ ಹಸನು ಮಾಡುವ ಹೆಂಗಸರ ಹಾಜರಿ ಹಾಕುವುದು, ಮೂಟೆ ಎಣಿಸಿ ಬರೆಯುವುದು. ಸಂಬಳ ತಿಂಗಳಿಗೆ ನಾನೂರ ಇಪ್ಪತ್ತು. ನಿಮ್ಮ ಕಚೇರಿ ಒಂದು ನಿಯಮ ಮಾಡಿಕೊಟ್ಟಿತು. ಮನೆಯಲ್ಲಿ ಮೂವರು, ತಲೆಗೆ ನೂರ ಹತ್ತರಂತೆ ಮುನ್ನೂರ ಮೂವತ್ತು ನಮ್ಮ ಜೀವನ ವೆಚ್ಚ. ಮಿಕ್ಕ ತೊಂಬತ್ತನ್ನು ಪ್ರತಿ ತಿಂಗಳು ಐದನೆಯ ತಾರೀಖಿನೊಳಗೆ ಸಾಲ ಕೊಟ್ಟವರಿಗೆಂದು ನಿಮ್ಮಲ್ಲಿ ಕಟ್ಟಬೇಕು. ಅದರ ಜೊತೆ ಹಿಂದಿನ ತಿಂಗಳ ಖರ್ಚಿನ ಪಟ್ಟಿ. ನಾನು ಒಂದು ತಿಂಗಳೂ ತಪ್ಪಿಸಿಲ್ಲ. ಕಟ್ಟಲು ಬಂದ ದಿನದ ಅರ್ಧ ಸಂಬಳ ಹೋಗುತ್ತಿತ್ತು, ಬಸ್ಸಿಗೆ ಬೇರೆ. ಆ ಬಸ್ ಚಾರ್ಜನ್ನು ಪಟ್ಟಿಯಲ್ಲಿ ಬರೆದಾಗ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ನಿಮಗೆ ಹಣ ತಂದುಕೊಡುವುದು ನನ್ನ ಜೀವನ ವೆಚ್ಚವಲ್ಲವಂತೆ. ಇರಬಹುದು. ಆದರೆ ನಾನು ಯಾರ ಜೀವನಕ್ಕೆಂದು ಆ ಬಸ್ಸು ಹತ್ತುತ್ತಿದ್ದೆ ಎಂದು ಯಾರಾದರೂ ಹೇಳಬೇಕಲ್ಲ.

ಕೆಂಪು ಶಾಯಿಯ ವಿಷಯಕ್ಕೆ ಬಂದೆ, ಇನ್ನೊಂದು ಹೇಳಿಬಿಡುತ್ತೇನೆ. ಎಂಬತ್ತಾರರ ನವೆಂಬರಿನ ಪಟ್ಟಿಯಲ್ಲಿ ‘ಒರಗುದಿಂಬು, ಒಂದು, ರೂ. 22, ಕೊಳ್ಳಲು ಅನುಮತಿ ಕೊಡಬೇಕು’ ಎಂದು ಬರೆದಿದ್ದೆ. ಮಲಗಿದರೆ ಯಜಮಾನರಿಗೆ ಉಸಿರು ಬರುತ್ತಿರಲಿಲ್ಲ. ಒರಗಿಕೊಂಡೇ ಇರಬೇಕೆಂದು ಡಾಕ್ಟರು ಹೇಳಿದ್ದರು. ಡಾಕ್ಟರ ಚೀಟಿಯನ್ನೂ ಲಗತ್ತಿಸಿದ್ದೆ. ‘ಹಾಸಿಗೆ ಸಾಮಾನುಗಳನ್ನು ಈಗಾಗಲೇ ವಿನಾಯಿತಿಯಲ್ಲಿ ಬಿಡಲಾಗಿದೆ. ಒರಗುದಿಂಬು ಐಷಾರಾಮಿ’ ಎಂದು ಬಂತು. ಒರಗುದಿಂಬು ಜಮೀನ್ದಾರರ ಜಗಲಿಯಲ್ಲಿ ಇರುವುದನ್ನು ಬರೆದವರು ನೋಡಿದ್ದರೇನೋ. ಅಲ್ಲಿಂದಾಚೆ ಯಜಮಾನರು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ನಾನು ಗೋಡೆಗೆ ಕೈಕೊಟ್ಟು ಕೂತೆ. ಮೂರು ತಿಂಗಳು ನಾವಿಬ್ಬರೂ ನಿದ್ರೆ ಮಾಡಿದ್ದು ಹಾಗೆ. ಅವರು ಹೋಗಿ ವರ್ಷವಾಗುತ್ತಾ ಬಂತು, ನನ್ನ ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಮಲಗಿಕೊಂಡರೆ ಯಾರೋ ಹಿಂದಕ್ಕೆ ಬಿದ್ದುಬಿಡುತ್ತಾರೆಂದು ಭಯವಾಗಿ ಎದ್ದು ಕೂರುತ್ತೇನೆ. ಗಿರಣಿಯಲ್ಲಿ ಮೂಟೆಗೆ ಒರಗಿ ನಿಂತಾಗ ಮೂಟೆ ಬೆಚ್ಚಗಿದೆ ಎನಿಸುತ್ತದೆ. ಇದಕ್ಕೆ ಪರಿಹಾರ ಕೇಳುತ್ತಿಲ್ಲ. ಇಪ್ಪತ್ತೆರಡು ರೂಪಾಯಿ ಸಾಲ ಕೊಟ್ಟವರಿಗೆ ಉಳಿಯಿತಲ್ಲ, ಅದು ಯಾರಿಗೆ ಎಷ್ಟು ಹಂಚಿಕೆಯಾಯಿತೆಂದು ತಿಳಿಯುವ ಆಸೆಯಿದೆ ಅಷ್ಟೆ.

ಕಳೆದ ವರ್ಷ ಫೆಬ್ರವರಿಯ ಕೊನೆಯ ವಾರ ಅವರು ತೀರಿಕೊಂಡರು. ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ನಮ್ಮಲ್ಲಿ ಹೇಳುವುದಿಲ್ಲ. ನಿಮ್ಮ ನಮೂನೆಗಳಲ್ಲಿ ಮಾತ್ರ ‘ಕೋದಂಡಪ್ಪ, ಗಂಡ’ ಎಂದು ತಿಂಗಳು ತಿಂಗಳು ಬರೆದಿದ್ದೇನೆ. ಮಣ್ಣು ಮಾಡುವುದಕ್ಕೆ ನೂರ ಎಂಬತ್ತು ರೂಪಾಯಿ ಬೇಕಿತ್ತು. ಬಿಡುಗಡೆಯಾಗದ ದಿವಾಳಿಯು ಐವತ್ತು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಸಾಲ ಕೇಳಿದರೆ, ತಾನು ದಿವಾಳಿಯೆಂದು ಮೊದಲು ಹೇಳಬೇಕು, ಹೇಳದಿದ್ದರೆ ಅಪರಾಧ. ಇದನ್ನು ನಿಮ್ಮ ಕಚೇರಿಯವರೇ ನನಗೆ ಓದಿ ಹೇಳಿದ್ದರು. ಹೆಣದ ಮುಂದೆ ಕೂತವಳು ಅದನ್ನು ಹೇಗೆ ಹೇಳುವುದು? ನಾಲ್ಕು ಮನೆಗೆ ಹೋಗಿ ನಲವತ್ತೈದರಂತೆ ಇಸಿದುಕೊಂಡು ಬಂದೆ. ಕಾನೂನು ಮುರಿಯಲಿಲ್ಲ. ನಲ್ಲಿಯ ಹತ್ತಿರ ನನ್ನನ್ನು ಆಡಿಕೊಂಡ ಮಂಗಮ್ಮನೇ ಮೊದಲು ಕೊಟ್ಟವಳು. “ಐವತ್ತೇ ತಗೋಳಕ್ಕ, ಚಿಲ್ರೆ ಯಾಕೆ,” ಎಂದಳು. ಬೇಡ, ನಲವತ್ತೈದೇ ಕೊಡು ಎಂದೆ. ಅವಳಿಗೆ ಅದು ಯಾಕೆಂದು ಈ ಪತ್ರ ಓದಿದರೆ ತಿಳಿಯುತ್ತದೆ.

ಆ ತಿಂಗಳ ಪಟ್ಟಿಯಲ್ಲಿ ‘ಯಜಮಾನರನ್ನು ಮಣ್ಣು ಮಾಡಿದ ಖರ್ಚು, ರೂ. 180’ ಎಂದು ಬರೆದೆ. ಮಾರ್ಚ್ ಐದರಂದು ನಿಮ್ಮ ಕಿಟಕಿಯಲ್ಲಿ ಕೊಟ್ಟೆ. ಕೆಂಪು ಶಾಯಿಯಲ್ಲಿ ಹಿಂದಕ್ಕೆ ಬಂತು: ‘ಇದು ಜೀವನ ವೆಚ್ಚವಲ್ಲ. ಅನುಮತಿ ಇಲ್ಲ.’ ಸರಿಯಾದ ಮಾತು. ಸಾವು ಜೀವನ ವೆಚ್ಚದಲ್ಲಿ ಹೇಗೆ ಬರುತ್ತದೆ? ಆದರೆ ಸಾಹೇಬರೇ, ಆ ಶಾಯಿ ಹಾಕಿದ ಕೈಗೆ ನಮ್ಮ ಯಜಮಾನರು ಸತ್ತಿದ್ದು ಗೊತ್ತಾಗಲಿಲ್ಲವೇ? ಓದದೆ ಹೊಡೆದುಹಾಕಿದರೇ? ಅಥವಾ ಬದುಕಿದ್ದವರನ್ನೇ ಮಣ್ಣು ಮಾಡಿದೆನೆಂದು ತಿಳಿದರೇ?

ಇಷ್ಟೇ ಆಗಿದ್ದರೆ ಒಂದು ಕಣ್ಣು ತಪ್ಪಿತು ಎನ್ನಬಹುದಿತ್ತು. ಮೇ ತಿಂಗಳಲ್ಲಿ ನಿಮ್ಮ ಕಚೇರಿಯ ಒಬ್ಬರು ನಮ್ಮ ಮನೆಗೆ ಬಂದರು. ಮರ್ಯಾದೆಯವರು, ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಹೆಂಗಸಿನ ತಾಳಿಯನ್ನು ಸಾಲಕ್ಕೆ ಹಿಡಿಯುವಂತಿಲ್ಲ, ಕಾನೂನು ಅದನ್ನು ಬಿಟ್ಟಿದೆ. ಆದರೆ ಗಂಡ ಹೋದ ಮೇಲೆ ಅದು ತಾಳಿಯಲ್ಲ, ಬರೀ ಚಿನ್ನ, ಹಾಗಾಗಿ ಅದು ಆಸ್ತಿಯ ಲೆಕ್ಕಕ್ಕೆ ಬರುತ್ತದೆ ಎಂದು ಬಹಳ ಹೊತ್ತು ನೆಲ ನೋಡಿಕೊಂಡು ವಿವರಿಸಿದರು. ಎರಡು ಬೊಟ್ಟು, ಮೂರೂವರೆ ಗ್ರಾಂ. ಡಬ್ಬಿಯಿಂದ ತೆಗೆದುಕೊಟ್ಟೆ. ಅವರು ಕೊಟ್ಟ ರಸೀದಿ ನನ್ನ ಬಳಿ ಇದೆ. ಅದರಲ್ಲಿ ‘ಪತಿಯು ಮೃತಪಟ್ಟಿರುವ ಕಾರಣ’ ಎಂದು ಸ್ಪಷ್ಟವಾಗಿ ಬರೆದಿದೆ, ಕೆಳಗೆ ನಿಮ್ಮ ಸೀಲು ಇದೆ. ಹೀಗೆ ನಿಮ್ಮ ಕಚೇರಿ ನಮ್ಮ ಯಜಮಾನರನ್ನು ನನ್ನ ಕೊರಳಿನ ಲೆಕ್ಕದಿಂದ ತೆಗೆದದ್ದು ಮೇ ತಿಂಗಳಲ್ಲಿ. ಅವರು ಸತ್ತದ್ದನ್ನು ನಾನು ಈ ವರ್ಷದ ಜನವರಿಯವರೆಗೂ ಬಚ್ಚಿಟ್ಟೆ ಎಂದು ಅದೇ ಕಚೇರಿ ಹೇಳುತ್ತಿದೆ. ಚಿನ್ನ ತೆಗೆದುಕೊಳ್ಳುವಾಗ ಸತ್ತಿದ್ದವರು ಅನ್ನದ ಲೆಕ್ಕ ಬಂದಾಗ ಯಾವಾಗ ಬದುಕಿದರು?

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಿಮ್ಮ ನಮೂನೆಯ ಆರನೆಯ ಕಲಮಿನಲ್ಲಿ ‘ಮನೆಯಲ್ಲಿ ಊಟ ಮಾಡುವವರ ಸಂಖ್ಯೆ’ ಎಂದಿದೆ. ಅದಕ್ಕೆ ನಾನು ಎಲೆ ಎಣಿಸಿ ಬರೆದೆ. ನಮ್ಮ ಮನೆತನದಲ್ಲಿ ಯಾರಾದರೂ ಹೋದರೆ ವರ್ಷದ ತಿಥಿ ಆಗುವವರೆಗೂ ಸಂಜೆಯ ಮೊದಲ ಎಲೆ ಅವರದು. ದೀಪ ಹಚ್ಚಿದ ಮೇಲೆ, ಅವರು ಕೂರುತ್ತಿದ್ದ ಜಾಗದಲ್ಲಿ ಎಲೆ ಹಾಕಿ, ಮಾಡಿದ್ದನ್ನೆಲ್ಲ ಬಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮಿಕ್ಕವರು ಉಣ್ಣಬೇಕು. ಹೋದವರು ವರ್ಷ ತುಂಬುವವರೆಗೂ ಮನೆ ಬಿಟ್ಟು ದೂರ ಹೋಗಿರುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಾರೆ. ನಾನು ಅದನ್ನು ನಂಬುತ್ತೇನೋ ಇಲ್ಲವೋ, ಕೇಳಬೇಡಿ. ಎಲೆ ಹಾಕುವಾಗ ಹಿಂದಿನಿಂದ ‘ಎಷ್ಟೆಲೆ?’ ಎಂದು ಕೇಳಿದಂತಾಗುತ್ತದೆ. ಮೂರು ಎನ್ನುತ್ತೇನೆ. ಬಾಯಿಬಿಟ್ಟೇ ಎನ್ನುತ್ತೇನೆ. ಹತ್ತು ವರ್ಷದ ರೂಢಿ ಹೋಗಿಲ್ಲ. ತಿಂಗಳ ಕೊನೆಯಲ್ಲಿ ನಿಮ್ಮ ನಮೂನೆ ಬಿಡಿಸಿಕೊಂಡು ಕೂತಾಗ ಆರನೆಯ ಕಲಮೂ ಅದೇ ಮಾತು ಕೇಳುತ್ತದೆ, ನಾನು ಅದೇ ಉತ್ತರ ಬರೆಯುತ್ತೇನೆ. ಮೋಸವೆಂದರೆ ಎರಡನ್ನು ಮೂರೆನ್ನುವುದು. ನಾನು ಮೂರು ಎಲೆ ಹಾಕಿ ಮೂರೆಂದೆ.

ಮೋಸ ಮಾಡುವವಳಾಗಿದ್ದರೆ ಈ ಜನವರಿಯ ಪಟ್ಟಿಯಲ್ಲಿ ‘ಮುಂದಿನ ತಿಂಗಳು ಯಜಮಾನರ ವರ್ಷದ ತಿಥಿಗೆ ರೂ. 60, ಅನುಮತಿ ಕೊಡಬೇಕು’ ಎಂದು ಬರೆಯುತ್ತಿದ್ದೆನೇ? ಅದೇ ಹಾಳೆಯ ಆರನೆಯ ಕಲಮಿನಲ್ಲಿ ಮೂರು ಎಂದಿದೆ. ಒಂದೇ ಹಾಳೆ, ಒಂದೇ ಕೈಬರಹ. ಕಳ್ಳಿ ತನ್ನ ಕಳವನ್ನು ತಾನೇ ಅಂಡರ್‌ಲೈನ್ ಮಾಡಿ ತಂದುಕೊಟ್ಟಿದ್ದನ್ನು ನಿಮ್ಮ ಸರ್ವಿಸಿನಲ್ಲಿ ಎಷ್ಟು ಸಲ ನೋಡಿದ್ದೀರಿ?

ಅವತ್ತು ನಿಮ್ಮ ಗುಮಾಸ್ತರು ನನ್ನನ್ನು ಒಳಗೆ ಕರೆದರು. ಏನೇನು ಕೇಳಿದರೆಂದು ಮನೆಗೆ ಬಂದು ಬರೆದಿಟ್ಟಿದ್ದೇನೆ.

“ಏನಮ್ಮಾ, ನಿಮ್ಮ ಯಜಮಾನ್ರು ಹೋಗಿ ವರ್ಷ ಆಗ್ತಾ ಬಂತು. ಊಟಕ್ಕೆ ಮೂರು ಜನ ಅಂತ ಬರ್ದಿದ್ದೀರಿ.”

“ಎಲೆ ಮೂರು ಆಕ್ತೀವಿ ಸ್ವಾಮಿ.”

“ಹಾಕಿದ್ರೆ? ಅವ್ರು ಬಂದು ಉಂಡು, ಕೈ ತೊಳ್ಕೊಂಡು, ರಸೀದಿ ಕೊಟ್ಟು ಹೋಗ್ತಾರಾ?”

ಪಕ್ಕದ ಮೇಜಿನವರು ನಕ್ಕರು. ಗುಮಾಸ್ತರಿಗೆ ಧೈರ್ಯ ಬಂತು.

“ಸರಿ, ಅವ್ರು ಉಣ್ಣಲಿಲ್ಲ. ಆ ಎಲೆ ಮೇಲಿನ ಅನ್ನ ಯಾರು ತಿಂದ್ರು? ಅದನ್ನ ಹೇಳಿ.”

ನಾನು ಹೇಳಲಿಲ್ಲ. ಉತ್ತರವಿಲ್ಲವೆಂದು ಬರೆದುಕೊಂಡರು. ನೋಟೀಸಿನಲ್ಲೂ ‘ಸಮರ್ಪಕ ಉತ್ತರ ನೀಡಿರುವುದಿಲ್ಲ’ ಎಂದು ಬಂದಿದೆ. ಉತ್ತರ ಇತ್ತು, ಸಾಹೇಬರೇ. ಇಲ್ಲಿ ಕೊಡುತ್ತೇನೆ. ಆದರೆ ಈ ಪತ್ರಿಕೆ ಓದುವ ನಮ್ಮ ಬೀದಿಯವರಲ್ಲಿ ಒಂದು ಕೈಮುಗಿದ ಮಾತು: ಇಲ್ಲಿಂದ ಮುಂದಿನದನ್ನು ನಮ್ಮತ್ತೆಗೆ ಯಾರೂ ಓದಿ ಹೇಳಬೇಡಿ. ಅವರಿಗೆ ಓದು ಬಾರದು.

ಆ ಅನ್ನ ತಿಂದವಳು ನಾನು. ಅತ್ತೆಯ ಮುಂದೆ ಎಲೆ ಎತ್ತಿಕೊಂಡು, ಹಿಂದಿನ ಮನೆಯ ಪಾಪಕ್ಕನ ಹಸುವಿಗೆ ಹಾಕಿ ಬರುತ್ತೇನೆಂದು ಹೇಳಿ ಹಿಂದಿನ ಬಾಗಿಲಿನಿಂದ ಹೋಗುತ್ತೇನೆ. ಪಾಪಕ್ಕನ ಹಸು ಒಂದು ದಿನವೂ ಆ ಅನ್ನ ಕಂಡಿಲ್ಲ. ಗೋಡೆಯ ಮರೆಯಲ್ಲಿ ನಿಂತು ತಿನ್ನುತ್ತೇನೆ. ಯಾಕೆಂದರೆ ಬೇಯಿಸುವುದು ಎರಡು ಪಾವು ಅಕ್ಕಿ, ಹಾಕುವುದು ಮೂರು ಎಲೆ. ಅತ್ತೆಯ ಎಲೆಗೆ ಕಡಿಮೆ ಮಾಡಲಾರೆ, ಅವರ ಮಗನ ಎಲೆಗೆ ಕಡಿಮೆ ಮಾಡಿದರೆ ಅತ್ತೆಗೆ ಕಾಣುತ್ತದೆ. ಹಾಗಾಗಿ ನನ್ನ ಎಲೆಯಲ್ಲಿ ಎರಡು ತುತ್ತು ಇಟ್ಟುಕೊಂಡು, ನನ್ನ ಪಾಲನ್ನು ಯಜಮಾನರ ಎಲೆಗೆ ಬಡಿಸಿ, ಆಮೇಲೆ ಹೊರಗೆ ಹೋಗಿ ನನ್ನ ಪಾಲನ್ನು ನಾನು ತಿನ್ನುತ್ತೇನೆ. ಗಂಡನ ಎಲೆಯಿಂದ ಕದ್ದು ತಿಂದ ಹಾಗೆಯೇ ಇರುತ್ತದೆ. ತಣ್ಣಗಾಗಿರುತ್ತದೆ. ಒಮ್ಮೊಮ್ಮೆ ಅನ್ನದಲ್ಲಿ ಬೆರಳಾಡಿಸಿದ ಗುರುತು ಇದೆಯೇನೋ ಎಂದು ನೋಡುತ್ತೇನೆ. ಇಲ್ಲವೆಂದು ಖಚಿತವಾದ ಮೇಲೆ ಬಾಯಿಗೆ ಇಡುತ್ತೇನೆ. ಇದ್ದಿದ್ದರೆ ಇಡುತ್ತಿರಲಿಲ್ಲ.

ಹಾಗಾದರೆ ಮೂರನೆಯ ನೂರ ಹತ್ತು ಎಲ್ಲಿ ಹೋಯಿತು ಎನ್ನುವಿರಿ. ನೀವು ಹೊಡೆದುಹಾಕಿದ ಮಣ್ಣಿನ ಖರ್ಚಿನ ನೂರ ಎಂಬತ್ತನ್ನು ನಾಲ್ಕು ಮನೆಗೆ ತೀರಿಸಿದ್ದು ಅದರಲ್ಲಿ. ಔಷಧದ ಅಂಗಡಿಯ ಬಾಕಿ ತೀರಿಸಿದ್ದು ಅದರಲ್ಲಿ. ಮಿಕ್ಕಿದ್ದು ಮನೆಗೆ. ಒಬ್ಬ ಮನುಷ್ಯ ಸತ್ತರೆ ಮನೆಯ ಖರ್ಚಿನಲ್ಲಿ ಮೂರರಲ್ಲಿ ಒಂದು ಪಾಲು ಸಾಯುತ್ತದೆಂದು ನಿಮಗೆ ಯಾರು ಹೇಳಿದರು? ಬಾಡಿಗೆ ಮೂವರಿದ್ದಾಗ ಅರವತ್ತು, ಇಬ್ಬರಿದ್ದಾಗಲೂ ಅರವತ್ತು. ಮನೆ ಮಾಲೀಕರು ತಲೆ ಎಣಿಸಿ ಬಾಡಿಗೆ ಕೇಳುವುದಿಲ್ಲ. ಸೀಮೆಎಣ್ಣೆ ದೀಪ ವಿಧವೆಯ ಮನೆಯೆಂದು ಕಡಿಮೆ ಕುಡಿಯುವುದಿಲ್ಲ. ಬಂಗಾರಪೇಟೆಗೆ ರೈಲಿನ ಪಾಸು ಅಷ್ಟೇ. ಬದುಕಿದ್ದಾಗ ಅವರೊಬ್ಬರ ತಿಂಗಳ ಔಷಧಕ್ಕೇ ನೂರ ಹತ್ತು ಸಾಲುತ್ತಿರಲಿಲ್ಲ. ಆಗ ಮೂರು ತಲೆಯ ಹಣದಲ್ಲಿ ನಾಲ್ಕು ತಲೆಯ ಖರ್ಚು ತೂಗಿಸಿದಾಗ ನೀವು ಒಂದು ನೋಟೀಸನ್ನೂ ಕಳಿಸಲಿಲ್ಲ. ಬದುಕಿದ್ದವರಿಗೆ ಕೊಡಬೇಕಾದ್ದನ್ನು ಕೊಡದವರು ಸತ್ತವರಿಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುತ್ತಿದ್ದೀರಿ.

ನನ್ನ ತಪ್ಪು ಒಪ್ಪುತ್ತೇನೆ. ನಿಮ್ಮ ಕಲಮು ಕೇಳಿದ್ದು ಉಸಿರಾಡುವವರನ್ನು, ನಾನು ಎಲೆಯನ್ನು ಎಣಿಸಿದೆ. ತಿಂಗಳಿಗೆ ಇಪ್ಪತ್ತರಂತೆ ನಿಮ್ಮ ಸಾವಿರದ ಇನ್ನೂರ ಹತ್ತನ್ನು ಕಟ್ಟುತ್ತೇನೆ, ಐದು ವರ್ಷ ಚಿಲ್ಲರೆ ಆಗುತ್ತದೆ, ಆಗಲಿ. ಈ ಬೀದಿಯಲ್ಲೇ ನಾಲ್ಕು ಬೆಂಚು ಹಾಕಿ ಮತ್ತೆ ಮೆಸ್ ಇಡಬೇಕೆಂದಿದ್ದೆ. ಬಿಡುಗಡೆಯಾಗದೆ ಅಕ್ಕಿ ಮಂಡಿಯವರು ಒಂದು ಮೂಟೆ ನಂಬಿ ಕೊಡುವುದಿಲ್ಲ. ಅದನ್ನೂ ಬೇಕಾದರೆ ತಡೆದುಕೊಳ್ಳಬಹುದು. ತಡೆಯಲಾಗದ್ದು ಬೇರೆ ಇದೆ. ಅದಕ್ಕಾಗಿಯೇ ಈ ಪತ್ರ.

ನೋಟೀಸು ಬಂದ ದಿನ ಅದರಲ್ಲಿ ಏನಿದೆಯೆಂದು ಅತ್ತೆ ಕೇಳಿದರು. ಸೀಲು ನೋಡಿ ಹೆದರಿದ್ದರು. ನಾನು ಸುಳ್ಳು ಹೇಳಬಹುದಿತ್ತು. ಸುಳ್ಳುಗಾತಿ ಎಂದು ಅದರಲ್ಲೇ ಬರೆದಿದ್ದರಿಂದಲೋ ಏನೋ, ಆ ಹೊತ್ತಿಗೆ ನಿಜವೇ ಬಂದುಬಿಟ್ಟಿತು. ಮನೆಯಲ್ಲಿ ಇಬ್ಬರೇ ಅಂತೆ, ಮೂರನೆಯ ಎಲೆಗೆ ಹಣ ಕೊಡುವುದಿಲ್ಲವಂತೆ ಎಂದೆ. ಅವರು ಎಲೆಅಡಿಕೆಯ ಚೀಲದ ದಾರ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು.

“ಇಬ್ರೇ ಅಂತ ಬರ್ಕೊಟ್ಬುಡು,” ಎಂದರು. “ನೀನೂ ಅವ್ನೂ. ನನ್ನೆಸ್ರು ವಡ್ದಾಕು.”

“ಅಂಗೆಲ್ಲ ಬರ್ಯಕ್ಕಾಗಲ್ಲ ಅತ್ತೆ.”

“ಯಾಕಾಗಲ್ಲ? ಅವರ್ಗೆ ಬೇಕಾಗಿರೋದು ಎರಡು ತಾನೆ, ಎರಡು ಕೊಡು. ಯಾರ್ದು ಅಂತ ಅವರ್ಗೇನು. ಅವ್ನು ಬಂದು ಎಲೆ ಇಲ್ದೆ ನಿಂತ್ಕೊಂಡಿದ್ರೆ ನಂಗೆ ಗಂಟಲಲ್ಲಿ ಇಳೀತದಾ? ನಾನು ಮುದ್ಕಿ, ಒಂದು ಲೋಟ ಕಾಫಿನೀರು ಸಾಕು.”

ಅವತ್ತಿನಿಂದ ಅವರು ತಮ್ಮ ಎಲೆಯ ಅನ್ನವನ್ನು ಕೈಯಿಂದ ಬಾಚಿ ಮಗನ ಎಲೆಗೆ ಹಾಕುತ್ತಿದ್ದಾರೆ. ಬೇಡವೆಂದರೆ ಕೇಳುವುದಿಲ್ಲ. ತಮ್ಮ ಹೆಸರು ಪಟ್ಟಿಯಿಂದ ಹೋಗಿದೆ, ಉಂಡರೆ ನನಗೆ ಜೈಲಾಗುತ್ತದೆ ಎಂದು ಅವರ ಮನಸ್ಸಿನಲ್ಲಿ ಕೂತಿದೆ. ಆ ಅನ್ನ ಎಲ್ಲಿಗೆ ಬರುತ್ತದೆಂದು ನಿಮಗೆ ಈಗ ಗೊತ್ತು. ಗೋಡೆಯ ಮರೆಗೆ, ನನ್ನ ಕೈಗೆ. ಎಪ್ಪತ್ತೆರಡು ವರ್ಷದ ಹೆಂಗಸು ಮಗನಿಗೆಂದು ಬಿಟ್ಟ ಅನ್ನವನ್ನು ಸೊಸೆ ತಿನ್ನಬೇಕು. ತಿನ್ನದೆ ನಿಜವಾಗಿಯೂ ಹಸುವಿಗೆ ಹಾಕಿದರೆ ಮನೆಯಲ್ಲಿ ಇಬ್ಬರೂ ಉಪವಾಸ. ನಿಜ ಹೇಳಿದರೆ, ಅವರ ಮಗ ಹನ್ನೊಂದು ತಿಂಗಳಿಂದ ಒಂದು ತುತ್ತೂ ಉಂಡಿಲ್ಲವೆಂದು ಹೇಳಿದ ಹಾಗೆ. ಎಂಟು ದಿನವಾಯಿತು. ನಿನ್ನೆ ನಲ್ಲಿಯ ಹತ್ತಿರ ಅವರು ತಲೆ ಸುತ್ತಿ ಕೂತುಬಿಟ್ಟರು. ಮಂಗಮ್ಮ ಎತ್ತಿಕೊಂಡು ಬಂದು ಬಿಟ್ಟಳು. ಏನೂ ಆಡಿಕೊಳ್ಳಲಿಲ್ಲ. ಅವಳು ಸುಮ್ಮನೆ ಹೋದದ್ದನ್ನು ನೋಡಿ ನನಗೆ ಭಯವಾಯಿತು.

ಆದ್ದರಿಂದ ಕೇಳುತ್ತಿದ್ದೇನೆ. ಮಾರ್ಚ್ ಹದಿನೇಳರಂದು ನೀವು ನ್ಯಾಯಾಲಯದಲ್ಲಿ ನನ್ನ ಬಿಡುಗಡೆಯನ್ನು ವಿರೋಧಿಸಬೇಡಿ. ಸುಳ್ಳು ಎಂಬ ಮಾತನ್ನು ನಿಮ್ಮ ಕಡತದಲ್ಲಿ ಹೊಡೆದುಹಾಕಿ. ಕೆಂಪು ಶಾಯಿ ನಿಮ್ಮಲ್ಲಿ ಧಾರಾಳವಾಗಿದೆ. ಹಣ ಕಂತಿನಲ್ಲಿ ಕಟ್ಟುತ್ತೇನೆಂದೆ, ಕಟ್ಟುತ್ತೇನೆ. ಆದರೆ ಅವೆಲ್ಲಕ್ಕಿಂತ ಮೊದಲು, ಈ ವಾರದಲ್ಲೇ, ನಿಮ್ಮ ಕಚೇರಿಯಿಂದ ಒಂದು ಕಾಗದ ಕಳಿಸಿ. ಎರಡು ಸಾಲು ಸಾಕು. ನಾನು ಅದನ್ನು ಅತ್ತೆಗೆ ಓದಿ ಹೇಳುತ್ತೇನೆ. ಅಕ್ಕಯ್ಯಮ್ಮನವರ ಹೆಸರು ಪಟ್ಟಿಯಲ್ಲಿ ಇರುತ್ತದೆ ಎಂದು ಮೊದಲ ಸಾಲಿನಲ್ಲಿ ಬರೆಯಿರಿ. ಎರಡನೆಯ ಸಾಲಿನಲ್ಲಿ, ಅವರು ಪ್ರತಿದಿನ ತಮ್ಮ ಎಲೆಯಲ್ಲಿ ಬಡಿಸಿದ್ದನ್ನು ತಾವೇ ಹೊಟ್ಟೆತುಂಬ ಉಣ್ಣತಕ್ಕದ್ದು ಎಂದು ಬರೆಯಿರಿ. ಉಣ್ಣಬಹುದು ಎಂದು ಬರೆಯಬೇಡಿ, ಅದಕ್ಕೆ ಅವರು ಜಗ್ಗುವುದಿಲ್ಲ. ಉಣ್ಣತಕ್ಕದ್ದು ಎಂದೇ ಇರಲಿ. ಕೆಳಗೆ ಸೀಲು ಸ್ವಲ್ಪ ದೊಡ್ಡದಾಗಿ, ಶಾಯಿ ಅಳಿಸದ ಹಾಗೆ ಒತ್ತಿ ಕಳಿಸಿ.

ಇಂತಿ,
ಕಾಗದಕ್ಕಾಗಿ ಬಾಗಿಲಲ್ಲಿ ಕಾದಿರುವ,
ನಿಮ್ಮ ಕಡತದಲ್ಲಿ ಸುಳ್ಳುಗಾತಿ, ಮನೆಯಲ್ಲಿ ಅಡುಗೆಯವಳು,
ವೆಂಕಟರತ್ನಮ್ಮ
ಆಂಡರ್ಸನ್‌ಪೇಟೆ, 22 ಫೆಬ್ರವರಿ 1988